ತಮ್ಮನ ಪಾಸ್‌ಪೋರ್ಟ್ ಶಾರ್ಜಾದಲ್ಲಿ ಕಳೆದಿದೆ, ಅವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಳೆ: ದಾರಿ ತಿಳಿದವರು ಹೇಳಿ

ವಿದ್ಯಾನಗರದ ಅಕ್ಕ (ಸೋಮವಾರ, ರಾತ್ರಿ 10.20)

ಎಲ್ಲರಿಗೂ ನಮಸ್ಕಾರ. ಮೊನ್ನೆ ಶನಿವಾರ ನಸುಕಿನಲ್ಲಿ ಅವ್ವ ಹಿತ್ತಲಲ್ಲಿ ಕಾಲು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿದೆ. ಸವಣೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹುಬ್ಬಳ್ಳಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದ್ದೇವೆ. ಸಕ್ಕರೆ ಪ್ರಮಾಣ ಹತೋಟಿಗೆ ಬಂದ ಮೇಲೆ ಶಸ್ತ್ರಚಿಕಿತ್ಸೆ ಮಾಡುತ್ತೇವೆ ಎಂದು ವೈದ್ಯರು ಹೇಳಿದ್ದಾರೆ.

ನನ್ನ ತಮ್ಮ ಎಂಟು ವರ್ಷದಿಂದ ಶಾರ್ಜಾದಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದಾನೆ. ಅವ್ವನಿಗೆ ಒಬ್ಬನೇ ಮಗ. ಸುದ್ದಿ ಕೇಳಿದ ಗಳಿಗೆಯಲ್ಲೇ ಹೊರಡಲು ನಿಂತವನಿಗೆ ಪಾಸ್‌ಪೋರ್ಟ್ ಸಿಗುತ್ತಿಲ್ಲ. ಹೋದ ತಿಂಗಳು ರೂಮು ಬದಲಿಸಿದಾಗ ಒಂದು ಚೀಲ ಹೆಚ್ಚು ಕಡಿಮೆಯಾಗಿತ್ತಂತೆ. ಅದರಲ್ಲಿ ಹಳೆಯ ಬಟ್ಟೆ ಮಾತ್ರ ಇದೆ ಎಂದು ಅವನು ತಿಳಿದಿದ್ದ. ಈಗ ನೋಡಿದರೆ ಪಾಸ್‌ಪೋರ್ಟ್ ಕೂಡ ಅದರಲ್ಲೇ ಇತ್ತು.

ಅವನ ಗೆಳೆಯರಲ್ಲಿ ಒಬ್ಬರು, ‘ಎಮರ್ಜೆನ್ಸಿ ಸರ್ಟಿಫಿಕೇಟ್ ತೆಗೆದುಕೊಂಡು ಬೇಗ ಊರು ಸೇರು’ ಎನ್ನುತ್ತಾರೆ. ಇನ್ನೊಬ್ಬರು, ‘ಹಾಗೆ ಹೋದರೆ ಕೆಲಸ ಹೋಯಿತೆಂದೇ ತಿಳಿ’ ಎನ್ನುತ್ತಾರೆ. ಅಲ್ಲಿನ ಟೈಪಿಂಗ್ ಸೆಂಟರ್ ಒಂದರಲ್ಲಿ ಸಾವಿರ ದಿರ್ಹಂ ಕೊಟ್ಟರೆ ಎಲ್ಲವನ್ನೂ ಮಾಡಿಸಿಕೊಡುತ್ತೇವೆ ಎಂದಿದ್ದಾರೆ. ನನಗೆ ದಿಕ್ಕೇ ತೋಚುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ಹೇಳಿ.

ಶಾರ್ಜಾದ ಗದಗಿನವ (ಸೋಮವಾರ, ರಾತ್ರಿ 10.55)

ಅಕ್ಕಾ, ಆ ಸಾವಿರ ದಿರ್ಹಂ ಕೊಡಬೇಡ ಎಂದು ತಮ್ಮನಿಗೆ ಈ ರಾತ್ರಿಯೇ ಫೋನ್ ಮಾಡಿ ಹೇಳಿ. ಟೈಪಿಂಗ್ ಸೆಂಟರ್‌ನವರು ಅರ್ಜಿ ತುಂಬಿಕೊಡಬಹುದು, ಅಷ್ಟೇ. ಪಾಸ್‌ಪೋರ್ಟ್ ಕೊಡುವುದು ನಮ್ಮ ದೂತಾವಾಸ. ದುಬೈ, ಶಾರ್ಜಾ, ಅಜ್ಮಾನ್ ಮತ್ತು ಉತ್ತರದ ಉಳಿದ ಎಮಿರೇಟ್‌ಗಳು ದುಬೈನಲ್ಲಿರುವ ಭಾರತದ ಕಾನ್ಸುಲೇಟ್‌ಗೆ ಸೇರುತ್ತವೆ. ಅಬುಧಾಬಿಯಲ್ಲಿ ಇರುವವರು ಮಾತ್ರ ಅಲ್ಲಿನ ರಾಯಭಾರ ಕಚೇರಿಗೆ ಹೋಗಬೇಕು. ತಮ್ಮ ಅಬುಧಾಬಿಯವರೆಗೆ ಅಲೆಯುವುದು ಬೇಡ.

ಈಗ ಅವನ ಮುಂದೆ ಎರಡು ದಾರಿಗಳಿವೆ. ಎಮರ್ಜೆನ್ಸಿ ಸರ್ಟಿಫಿಕೇಟ್ ಎಂದರೆ ಭಾರತಕ್ಕೆ ಒಂದೇ ಸಲ, ಒಂದೇ ದಿಕ್ಕಿಗೆ ಪ್ರಯಾಣ ಮಾಡಲು ಕೊಡುವ ಪತ್ರ. ಬೇಗ ಸಿಗುತ್ತದೆ, ಆದರೆ ಅದನ್ನು ಹಿಡಿದುಕೊಂಡು ಶಾರ್ಜಾಕ್ಕೆ ಮರಳಿ ಬರಲು ಆಗುವುದಿಲ್ಲ. ಊರಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಬೇಕು, ಆ ಹೊಸ ಸಂಖ್ಯೆ ಇಲ್ಲಿನ ವೀಸಾ ಕಡತಕ್ಕೆ ಸೇರಬೇಕು, ಆಮೇಲೆ ವಿಮಾನ. ಆರು ತಿಂಗಳಿಗಿಂತ ಹೆಚ್ಚು ಹೊರಗೆ ಉಳಿದರೆ ಸಾಮಾನ್ಯ ನಿವಾಸ ವೀಸಾ ರದ್ದಾಗುತ್ತದೆ ಎಂಬುದೂ ನೆನಪಿರಲಿ. ಎರಡನೆಯ ದಾರಿ, ಇಲ್ಲೇ ಇದ್ದು ಕಳೆದದ್ದಕ್ಕೆ ಬದಲಾಗಿ ಹೊಸ ಪಾಸ್‌ಪೋರ್ಟ್ ಪಡೆಯುವುದು. ಕಳೆದ ಪ್ರಕರಣವಾದ್ದರಿಂದ ಊರಿನಿಂದ ವಿಚಾರಣೆಯ ಉತ್ತರ ಬರುವವರೆಗೆ ಕಾಯಿಸಬಹುದು. ಆದರೆ ಕೆಲಸಕ್ಕೆ ಧಕ್ಕೆ ಇಲ್ಲ.

ಯಾವ ದಾರಿ ಎಂದು ನಿರ್ಧರಿಸುವ ಮೊದಲು ಕಂಪನಿಯಲ್ಲಿ ವೀಸಾ ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಒ ಬಳಿ ಒಂದೇ ಪ್ರಶ್ನೆ ಕೇಳಲಿ: ‘ನಾನು ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಹೋದರೆ ನನ್ನ ವೀಸಾ ಉಳಿಸಿ ಮರಳಿ ಕರೆಸಿಕೊಳ್ಳುತ್ತೀರಾ?’ ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಪಡೆಯಲಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ.

ಎರಡು ದಾರಿಗೂ ಮೊದಲ ಹೆಜ್ಜೆ ಪೊಲೀಸ್ ಠಾಣೆ. ನಾಳೆ ಬೆಳಗ್ಗೆಯೇ ದೂರು ಕೊಡಲಿ. ಏನಾದರೂ ತಿಳಿಯದಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800-46342ಕ್ಕೆ ಕರೆ ಮಾಡಲಿ. ಈ ದೇಶದೊಳಗಿಂದ ಅದು ಉಚಿತ ಕರೆ, ಹಗಲು ರಾತ್ರಿ ಎತ್ತುತ್ತಾರೆ.

ಕೋರ್ಟ್ ಸರ್ಕಲ್ ವಕೀಲ (ಮಂಗಳವಾರ, ಬೆಳಗ್ಗೆ 7.10)

ಮೇಲಿನವರು ಸರಿಯಾಗಿ ಹೇಳಿದ್ದಾರೆ. ದೂರು ಕೊಡುವ ಮುಂಚೆ ಇನ್ನೊಮ್ಮೆ ಹಾಸಿಗೆ, ಪೆಟ್ಟಿಗೆ, ಹಳೆಯ ರೂಮಿನ ಗೆಳೆಯರ ಸಾಮಾನು ಎಲ್ಲವನ್ನೂ ಜಾಲಾಡಲಿ. ಏಕೆಂದರೆ ಕಳೆದಿದೆ ಎಂದು ಒಮ್ಮೆ ದಾಖಲಾದರೆ ಆ ಪಾಸ್‌ಪೋರ್ಟ್ ರದ್ದಾಗುತ್ತದೆ. ಆಮೇಲೆ ಸಿಕ್ಕರೂ ಅದನ್ನು ದೂತಾವಾಸಕ್ಕೆ ಒಪ್ಪಿಸಬೇಕೇ ಹೊರತು ಪ್ರಯಾಣಕ್ಕೆ ಬಳಸುವಂತಿಲ್ಲ. ನನ್ನ ಕಕ್ಷಿದಾರರೊಬ್ಬರು ಹೀಗೆಯೇ ಮರಳಿ ಸಿಕ್ಕ ಪಾಸ್‌ಪೋರ್ಟ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಿ ಎಂಟು ಗಂಟೆ ಕೂತು ಎದ್ದು ಬಂದರು. ಕಳೆದ, ಕಳುವಾದ ಪ್ರಯಾಣ ದಾಖಲೆಗಳ ವಿವರವನ್ನು ದೇಶಗಳು ಹಂಚಿಕೊಳ್ಳಲು ಇಂಟರ್‌ಪೋಲ್ 2002ರಿಂದ ಒಂದು ದತ್ತಸಂಚಯವನ್ನೇ ನಡೆಸುತ್ತಿದೆ. ಗಡಿಯಲ್ಲಿ ಸಂಖ್ಯೆ ಒತ್ತಿದ ಕೂಡಲೇ ಅದು ಬಯಲಾಗುತ್ತದೆ.

ಅರ್ಜಿಯ ಜೊತೆ ಅನುಬಂಧ ಎಫ್ ಎಂಬ ಪ್ರಮಾಣಪತ್ರ ಕೊಡಬೇಕು. ಎಲ್ಲಿ, ಯಾವಾಗ, ಹೇಗೆ ಕಳೆಯಿತು, ಇದಕ್ಕೂ ಮೊದಲು ಎಂದಾದರೂ ಕಳೆದಿತ್ತೇ ಎಂದು ಅದರಲ್ಲಿ ಬರೆಯಬೇಕು. ಇಲ್ಲಿ ಒಂದಕ್ಷರವೂ ಸುಳ್ಳು ಬೇಡ. ‘ಕಳೆದದ್ದು ಎಂದರೆ ತೊಂದರೆ, ಮೊದಲ ಸಲ ಅರ್ಜಿ ಹಾಕುತ್ತಿದ್ದೇನೆ ಎಂದು ಬರೆ’ ಎಂದು ಬುದ್ಧಿ ಹೇಳುವ ಮಧ್ಯವರ್ತಿಗಳನ್ನು ನಾನು ಕಂಡಿದ್ದೇನೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಸುಳ್ಳು ಮಾಹಿತಿ ಕೊಡುವುದು, ವಿಷಯ ಮುಚ್ಚಿಡುವುದು ಎರಡು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದಾದ ಅಪರಾಧ. ಬುದ್ಧಿ ಹೇಳಿದವನು ಆಗ ಹತ್ತಿರ ಸುಳಿಯುವುದಿಲ್ಲ.

ಕಳೆದ ಪಾಸ್‌ಪೋರ್ಟಿನ ಸಂಖ್ಯೆ ಮನೆಯಲ್ಲಿ ಯಾರ ಬಳಿಯಾದರೂ ಇದೆಯೇ ತಂಗಿ?

ವಿದ್ಯಾನಗರದ ಅಕ್ಕ (ಮಂಗಳವಾರ, ಮಧ್ಯಾಹ್ನ 2.45)

ವಕೀಲ ಅಣ್ಣನವರೇ, ನಿಮ್ಮ ಆ ಪ್ರಶ್ನೆ ಓದಿದ ಮೇಲೆ ಆಸ್ಪತ್ರೆಯಲ್ಲಿ ಯಜಮಾನರನ್ನು ಕೂರಿಸಿ ನಾನು ಬಸ್ ಹಿಡಿದು ಹಳ್ಳಿಗೆ ಹೋಗಿಬಂದೆ. ತಮ್ಮನ ಮೊಬೈಲ್ ಎರಡು ವರ್ಷದ ಹಿಂದೆ ಕೆಟ್ಟು ಹೋದಾಗ ಅದರಲ್ಲಿದ್ದ ಫೋಟೋಗಳೂ ಹೋಗಿದ್ದವು. ಸಂಖ್ಯೆ ಅವನಿಗೆ ಬಾಯಿಪಾಠವಿಲ್ಲ.

ಅವ್ವನ ಮಂಚದ ಕೆಳಗೆ ಒಂದು ಕಬ್ಬಿಣದ ಟ್ರಂಕ್ ಇದೆ. ಅಪ್ಪನ ಪಹಣಿ ಕಾಗದಗಳು, ನನ್ನ ಮದುವೆಯ ಲಗ್ನಪತ್ರಿಕೆ, ಸೊಸೈಟಿಯ ಪಾಸ್‌ಬುಕ್ಕು, ಅವುಗಳ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಹಾಳೆ. ಅದರಲ್ಲಿ ನಾಲ್ಕು ಮಡಿಕೆಯ ಝೆರಾಕ್ಸ್. ತಮ್ಮ ಮೊದಲ ಸಲ ಹೊರಟ ದಿನ ಹಾವೇರಿ ಬಸ್ ನಿಲ್ದಾಣದ ಎದುರು ಅಂಗಡಿಯಲ್ಲಿ ಮಾಡಿಸಿ ಅವ್ವನ ಕೈಗೆ ಕೊಟ್ಟಿದ್ದನಂತೆ. ಓದಲು ಬಾರದ ಅವ್ವ ಅದನ್ನು ಎಂಟು ವರ್ಷ ಕಾಪಾಡಿದ್ದಾಳೆ. ಮಡಿಕೆ ಬಿದ್ದಲ್ಲಿ ಅಕ್ಷರ ಅಳಿಸಿವೆ, ಒಂದು ಮೂಲೆಗೆ ಅರಿಸಿನ ಹತ್ತಿದೆ. ಆದರೆ ಸಂಖ್ಯೆ ಓದಲು ಬರುತ್ತದೆ, ಕೊಟ್ಟ ದಿನಾಂಕ, ಬೆಂಗಳೂರು ಎಂಬ ಸ್ಥಳ, ಕೊನೆಯ ಪುಟದ ಕಡತ ಸಂಖ್ಯೆ ಎಲ್ಲವೂ ಇವೆ. ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಅವನು ಉತ್ತರಿಸಲಿಲ್ಲ. ಆಮೇಲೆ ಫೋನ್ ಮಾಡಿದಾಗ ದನಿ ಒಡೆದಿತ್ತು.

ಈಗ ಹೊಸ ಅನುಮಾನಗಳು. ಪಾಸ್‌ಪೋರ್ಟಿನಲ್ಲಿ ಅವನ ಹೆಸರಿನ ಸಾಲಿನಲ್ಲಿ ಒಂದೇ ಪದವಿದೆ, ಅಡ್ಡಹೆಸರಿನ ಸಾಲು ಖಾಲಿ ಇದೆ. ಹುಟ್ಟಿದ ಸ್ಥಳ ಧಾರವಾಡ ಜಿಲ್ಲೆ ಎಂದಿದೆ, ಆಧಾರ್ ಕಾರ್ಡಿನಲ್ಲಿ ಹಾವೇರಿ ಜಿಲ್ಲೆ. ಅರ್ಜಿಯಲ್ಲಿ ಯಾವುದನ್ನು ಬರೆಯಬೇಕು?

ಸಪ್ತಾಪುರದ ಮಾಸ್ತರ (ಮಂಗಳವಾರ, ಸಂಜೆ 5.30)

ತಾಯೀ, ಜಿಲ್ಲೆಯ ಬಗ್ಗೆ ಹೆದರಬೇಡಿ. ಗದಗ, ಹಾವೇರಿ ಎರಡೂ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾದದ್ದು 1997ರಲ್ಲಿ. ನಿಮ್ಮ ತಮ್ಮ ಅದಕ್ಕೂ ಮೊದಲು ಹುಟ್ಟಿದವನಾದರೆ ಅವನು ಹುಟ್ಟಿದ್ದು ಧಾರವಾಡ ಜಿಲ್ಲೆಯಲ್ಲೇ. ಎರಡು ದಾಖಲೆಯೂ ಸುಳ್ಳಲ್ಲ. ನಾನು ಮೂವತ್ತು ವರ್ಷ ಶಾಲೆಯ ದಾಖಲಾತಿ ಪುಸ್ತಕ ಬರೆದವನು. ಒಂದೇ ಹಳ್ಳಿಯ ಮಕ್ಕಳಿಗೆ ಒಂದು ವರ್ಷ ‘ಜಿ. ಧಾರವಾಡ’, ಮರುವರ್ಷ ‘ಜಿ. ಹಾವೇರಿ’ ಎಂದು ನನ್ನ ಕೈಯಿಂದಲೇ ಬರೆದಿದ್ದೇನೆ. ಅವಸರದ ಅರ್ಜಿಯಲ್ಲಿ ಹಳೆಯ ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನು ಅಕ್ಷರಕ್ಕೆ ಅಕ್ಷರ ಇಳಿಸಿಬಿಡಿ. ತಿದ್ದುಪಡಿ ಬೇಕಿದ್ದರೆ ಮುಂದೆ ನೋಡಿಕೊಳ್ಳಬಹುದು.

ಆದರೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ, ಅದನ್ನು ನಾನು ನೋವಿನಿಂದ ಕಲಿತೆ. ವಿದೇಶದಲ್ಲಿ ಅರ್ಜಿ ಹಾಕಿದರೂ ವಿಚಾರಣೆಗೆ ಪೊಲೀಸರು ಬರುವುದು ಊರಿನ ಮನೆಗೆ. ನನ್ನ ಮಗ ಮಸ್ಕತ್‌ನಲ್ಲಿದ್ದಾಗ ಹೀಗೆಯೇ ಒಬ್ಬ ಪೇದೆ ಬಂದರು. ನಾನು ಪಿಂಚಣಿ ಕೆಲಸಕ್ಕೆ ಹೋಗಿದ್ದೆ. ಮನೆಯಲ್ಲಿ ನನ್ನ ಹೆಂಡತಿ ಒಬ್ಬಳೇ. ‘ಇಂಥವರು ಇಲ್ಲಿ ವಾಸ ಇದ್ದಾರೆಯೇ?’ ಎಂದು ಕೇಳಿದರು. ‘ಇಲ್ಲಪ್ಪ, ಅವನು ಇಲ್ಲಿ ಇಲ್ಲದೆ ಆರು ವರ್ಷವಾಯಿತು’ ಎಂದು ಅವಳು ಚಹಾ ಕೊಟ್ಟು ಕಳಿಸಿದಳು. ಅವಳು ಹೇಳಿದ್ದು ನಿಜವೇ. ಆದರೆ ವರದಿಯಲ್ಲಿ ‘ವಿಳಾಸದಲ್ಲಿ ವಾಸವಿಲ್ಲ’ ಎಂದು ಹೋಯಿತು. ಮಗನ ಅರ್ಜಿ ತಿಂಗಳುಗಟ್ಟಲೆ ನಿಂತಿತು. ನಾನು ಠಾಣೆಗೂ ಬೆಂಗಳೂರಿಗೂ ಅಲೆದು, ಮರುವಿಚಾರಣೆ ಮಾಡಿಸಿ, ಅದು ಬಗೆಹರಿಯುವ ಹೊತ್ತಿಗೆ ಅವನು ತಂಗಿಯ ಮದುವೆಗೆ ಬರಲಾಗಲಿಲ್ಲ. ಆ ಮದುವೆಯ ಫೋಟೋಗಳಲ್ಲಿ ಅವನಿಲ್ಲದ ಜಾಗ ನನಗೆ ಈಗಲೂ ಕಾಣುತ್ತದೆ.

ಆದ್ದರಿಂದ ಹಳ್ಳಿಯ ಮನೆಯಲ್ಲಿ ತಿಳಿದವರೊಬ್ಬರು ಇರುವಂತೆ ನೋಡಿಕೊಳ್ಳಿ. ಹೇಳಬೇಕಾದದ್ದು ಇಷ್ಟೇ: ಇದು ಅವನ ಕಾಯಂ ಮನೆ, ಈಗ ಕೆಲಸದ ಮೇಲೆ ಶಾರ್ಜಾದಲ್ಲಿದ್ದಾನೆ, ರಜೆಗೆ ಇಲ್ಲಿಗೇ ಬರುತ್ತಾನೆ. ಪಡಿತರ ಚೀಟಿ, ಅವನ ಆಧಾರ್ ಪ್ರತಿ, ಅಲ್ಲಿನ ಗುರುತಿನ ಚೀಟಿಯ ಪ್ರತಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ನೆರೆಯ ಇಬ್ಬರಿಗೂ ಹೇಳಿಡಿ.

ಬ್ಯಾಡಗಿ ವ್ಯಾಪಾರಿ (ಮಂಗಳವಾರ, ರಾತ್ರಿ 9.15)

ನನಗೆ ಈ ಲೆಕ್ಕಾಚಾರವೆಲ್ಲ ಒಪ್ಪಿಗೆಯಾಗುತ್ತಿಲ್ಲ. ತಾಯಿ ಆಸ್ಪತ್ರೆಯಲ್ಲಿ ಮಲಗಿರುವಾಗ ಪಿಆರ್‌ಒ ಉತ್ತರಕ್ಕೆ ಕಾಯುವುದು ಏನು? ಎಮರ್ಜೆನ್ಸಿ ಸರ್ಟಿಫಿಕೇಟ್ ತೆಗೆದುಕೊಂಡು ಬಂದುಬಿಡಲಿ. ಕೈಯಲ್ಲಿ ಕಸುಬು ಇರುವವನಿಗೆ ಕೆಲಸ ಇನ್ನೊಂದು ಸಿಗುತ್ತದೆ.

ಇದನ್ನು ನಾನು ಬಿಸಿಲಿಗೆ ಬೆಂದು ಹೇಳುತ್ತಿದ್ದೇನೆ. ಸೌದಿಯಲ್ಲಿ ನಾನು ಐದು ವರ್ಷ ಇದ್ದೆ. ಹೋದ ಮೊದಲ ದಿನವೇ ಮಾಲೀಕ ಪಾಸ್‌ಪೋರ್ಟ್ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದ. ‘ಕಳೆದೀತು, ನನ್ನ ಹತ್ತಿರ ಇರಲಿ’ ಎಂದ. ಅಪ್ಪ ತೀರಿಕೊಂಡಾಗ ಕೇಳಿದೆ, ಕೊಡಲಿಲ್ಲ. ಅಪ್ಪನ ದಿನಕರ್ಮ ತಮ್ಮಂದಿರು ಮಾಡಿದರು. ಆಮೇಲೆ ಅಲ್ಲಿಂದ ಬಿಟ್ಟು ಹೊರಗೆ ಕೆಲಸ ಮಾಡಿದೆ, ಕಾಗದವಿಲ್ಲದವನಾದೆ. 2013ರಲ್ಲಿ ಸೌದಿ ಸರ್ಕಾರ ಕಾಗದ ಸರಿಯಿಲ್ಲದವರಿಗೆ ದಂಡವಿಲ್ಲದೆ ಹೋಗಲು ಅವಕಾಶ ಕೊಟ್ಟು, ಜುಲೈಗೆ ಮುಗಿಯಬೇಕಾದದ್ದನ್ನು ನವೆಂಬರ್ 3ರವರೆಗೆ ವಿಸ್ತರಿಸಿತಲ್ಲ, ಆಗ ರಿಯಾದ್‌ನ ನಮ್ಮ ರಾಯಭಾರ ಕಚೇರಿಯ ಸಾಲಿನಲ್ಲಿ ನಿಂತು ಎಮರ್ಜೆನ್ಸಿ ಸರ್ಟಿಫಿಕೇಟ್ ಪಡೆದೆ. ನನ್ನ ಫೋಟೋ ಅಂಟಿಸಿದ ಆ ಕಾಗದವನ್ನು ಅಂಗಿಯ ಒಳಗೆ ಎದೆಗೆ ಒತ್ತಿ ಹಿಡಿದುಕೊಂಡೇ ಮುಂಬೈವರೆಗೆ ಬಂದೆ.

ಆ ಕಾಗದದಲ್ಲಿ ಬಂದವರು ಅದನ್ನು ಹರಿದು ಎಸೆಯಬೇಡಿ. ಮುಂದೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ, ಎಂದಾದರೂ ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಮರಳಿದ್ದೀರಾ ಎಂಬ ಪ್ರಶ್ನೆಯೇ ಇದೆ. ಅದರ ಸಂಖ್ಯೆ, ದಿನಾಂಕ, ಕಾರಣ ಕೇಳುತ್ತಾರೆ.

ಕೋರ್ಟ್ ಸರ್ಕಲ್ ವಕೀಲ (ಮಂಗಳವಾರ, ರಾತ್ರಿ 9.50)

ವ್ಯಾಪಾರಿ ಅಣ್ಣನವರಿಗೆ ಆದದ್ದು ಅನ್ಯಾಯ. ಕಾಯ್ದೆಯ 17ನೆಯ ಕಲಮು ಸ್ಪಷ್ಟವಾಗಿದೆ: ಪಾಸ್‌ಪೋರ್ಟ್ ಎಂದೆಂದಿಗೂ ಕೇಂದ್ರ ಸರ್ಕಾರದ ಸ್ವತ್ತು. ಅದು ಮಾಲೀಕನದ್ದೂ ಅಲ್ಲ, ಏಜೆಂಟನದ್ದೂ ಅಲ್ಲ, ಸಾಲ ಕೊಟ್ಟವನದ್ದೂ ಅಲ್ಲ. ಹೀಗೆ ಹಿಡಿದಿಟ್ಟುಕೊಂಡರೆ ಅಲ್ಲಿನ ನಮ್ಮ ದೂತಾವಾಸಕ್ಕೆ ದೂರು ಕೊಡಬಹುದು. ಊರಿನಲ್ಲಿರುವ ಮನೆಯವರೂ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು, ಅದು 2015ರಿಂದ ನಡೆಯುತ್ತಿದೆ. ಟಿಕೆಟ್ಟಿಗೂ ದುಡ್ಡಿಲ್ಲದೆ ಸಿಕ್ಕಿಕೊಂಡವರಿಗೆ ನೆರವಾಗಲು 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಪ್ರತಿ ರಾಯಭಾರ ಕಚೇರಿಯಲ್ಲೂ ಇದೆ. ನಮ್ಮ ಭಾಗದ ಹುಡುಗರು ಇದನ್ನು ಕೇಳಿಯೇ ಇರುವುದಿಲ್ಲ ಎಂಬುದೇ ನನ್ನ ಸಂಕಟ.

ಶಾರ್ಜಾದ ಗದಗಿನವ (ಮಂಗಳವಾರ, ರಾತ್ರಿ 11.30)

ಬ್ಯಾಡಗಿ ಅಣ್ಣನವರೇ, ನಿಮ್ಮ ಮಾತು ಓದಿ ಸುಮ್ಮನೆ ಕುಳಿತುಬಿಟ್ಟೆ. ಆದರೂ ಒಂದು ಮಾತು ಹೇಳುತ್ತೇನೆ. ನೀವು ಬಂದಾಗ ಕಳೆದುಕೊಳ್ಳಲು ಕೆಲಸವೇ ಉಳಿದಿರಲಿಲ್ಲ. ಅಕ್ಕನ ತಮ್ಮನಿಗೆ ವೀಸಾ ಇದೆ, ಸಂಬಳ ಇದೆ, ಆಸ್ಪತ್ರೆಯ ಬಿಲ್ಲು ಬಹುಶಃ ಅದೇ ಸಂಬಳದಿಂದ ಹೋಗುತ್ತಿದೆ. ಅವ್ವನ ಜೀವಕ್ಕೆ ಅಪಾಯ ಎಂದು ವೈದ್ಯರು ಹೇಳಿದರೆ ನಾನೇ ಅವನನ್ನು ನಾಳೆ ಕಾರಿನಲ್ಲಿ ಕಾನ್ಸುಲೇಟಿಗೆ ಕರೆದೊಯ್ದು ಎಮರ್ಜೆನ್ಸಿ ಸರ್ಟಿಫಿಕೇಟ್ ಮಾಡಿಸಿ ವಿಮಾನ ಹತ್ತಿಸುತ್ತೇನೆ. ಮೂಳೆಯ ಶಸ್ತ್ರಚಿಕಿತ್ಸೆ, ಸಕ್ಕರೆ ಇಳಿಯಲು ಕಾಯುತ್ತಿದ್ದೇವೆ ಎನ್ನುವುದಾದರೆ ವೈದ್ಯರನ್ನೇ ಇನ್ನೊಮ್ಮೆ ಕೇಳಿ ನಿರ್ಧರಿಸಿ. ಇದು ಅಕ್ಕ, ತಮ್ಮ, ಅವ್ವ ಮೂವರೇ ಕೂಡಿ ನಿರ್ಧರಿಸಬೇಕಾದ ಮಾತು.

ಬೆಟಗೇರಿಯ ಸೊಸೆ, ಅಜ್ಮಾನ್ (ಬುಧವಾರ, ಬೆಳಗ್ಗೆ 11.05)

ಅಕ್ಕಾ, ಅಡ್ಡಹೆಸರು ಖಾಲಿ ಇರುವ ವಿಷಯಕ್ಕೆ ಬರುತ್ತೇನೆ. ನಮ್ಮ ಅತ್ತೆಯವರ ಪಾಸ್‌ಪೋರ್ಟಿನಲ್ಲಿಯೂ ಒಂದೇ ಪದವಿತ್ತು. ಅವರ ಕಾಲದಲ್ಲಿ ಹಳ್ಳಿಯ ಹೆಣ್ಣುಮಗಳಿಗೆ ಶಾಲೆಯವರೂ ಅಡ್ಡಹೆಸರು ಕೇಳಲಿಲ್ಲ, ಅವರಾಗಿ ಬರೆಸಿಕೊಳ್ಳಲೂ ಇಲ್ಲ. 2022ರ ನವೆಂಬರ್ 21ರಿಂದ ಈ ದೇಶ ಒಂದೇ ಪದದ ಹೆಸರಿರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ನನ್ನ ಹೆರಿಗೆಗೆ ಬರಬೇಕಿದ್ದ ಅತ್ತೆಯವರ ಟಿಕೆಟ್ ತೆಗೆದಾಗಿತ್ತು. ಎರಡು ರಾತ್ರಿ ನಿದ್ದೆಯಿಲ್ಲ. ಕೆಲವೇ ದಿನಗಳಲ್ಲಿ ಸ್ಪಷ್ಟನೆ ಬಂತು: ಪಾಸ್‌ಪೋರ್ಟಿನ ಎರಡನೆಯ ವಿವರದ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಬಿಡುತ್ತಾರೆ ಎಂದು. ಅತ್ತೆಯವರ ಪುಟದಲ್ಲಿ ಅವರ ತಂದೆಯ ಹೆಸರು ಇತ್ತು, ಬಂದರು.

ನಿಮ್ಮ ತಮ್ಮನದು ಭೇಟಿ ವೀಸಾ ಅಲ್ಲ, ನಿವಾಸ ವೀಸಾ. ಎಂಟು ವರ್ಷದಿಂದ ಇಲ್ಲಿನ ಎಲ್ಲ ಕಾಗದವೂ ಅದೇ ಹೆಸರಿನಲ್ಲಿದೆ. ಈಗ ಹೊಸ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಿದರೆ ವೀಸಾ, ಗುರುತಿನ ಚೀಟಿ, ಬ್ಯಾಂಕು, ಸಿಮ್ ಕಾರ್ಡು ಎಲ್ಲವನ್ನೂ ಹೊಂದಿಸುತ್ತ ಕೂರಬೇಕು. ಈ ಅವಸರದಲ್ಲಿ ಅದನ್ನು ಮುಟ್ಟಬೇಡಿ.

ಮಗುವಿನ ಮಾತು ಬಂತಲ್ಲ, ಇನ್ನೊಂದನ್ನು ಬೇರೆಯವರಿಗಾಗಿ ಬರೆಯುತ್ತೇನೆ. ಇಲ್ಲಿ ಹುಟ್ಟಿದರೆ ಮಗುವಿಗೆ ಈ ದೇಶದ ಪೌರತ್ವ ಸಿಗುವುದಿಲ್ಲ. ಅಪ್ಪ ಅಮ್ಮ ಭಾರತೀಯರೆಂದು ಮಗು ತಾನಾಗಿ ಭಾರತೀಯವಾಗುವುದೂ ಇಲ್ಲ. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ನೋಂದಾಯಿಸಲೇಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಇಲ್ಲಿನ ನಿಯಮವೂ ಸೇರಿಕೊಳ್ಳುತ್ತದೆ: ಹುಟ್ಟಿದ 120 ದಿನಗಳೊಳಗೆ ಮಗುವಿಗೆ ನಿವಾಸ ವೀಸಾ ಆಗಬೇಕು, ಅದಕ್ಕೆ ಪಾಸ್‌ಪೋರ್ಟ್ ಬೇಕು. ಹೆಸರು ಇಡಲು ಊರಿನಿಂದ ಸ್ವಾಮಿಗಳು ಅಕ್ಷರ ಹೇಳಲಿ ಎಂದು ನಾವು ನಲವತ್ತು ದಿನ ಕಳೆದೆವು. ಆ ನಲವತ್ತು ದಿನ ಆಮೇಲೆ ತುಂಬ ದುಬಾರಿಯಾದವು. ತೊಟ್ಟಿಲ ಶಾಸ್ತ್ರ ಯಾವಾಗ ಬೇಕಾದರೂ ಮಾಡಿ, ಹೆಸರು ಮಾತ್ರ ಮೊದಲೇ ನಿಶ್ಚಯಿಸಿಡಿ.

ಮ್ಯೂನಿಕ್‌ನ ಧಾರವಾಡದವಳು (ಬುಧವಾರ, ಸಂಜೆ 4.40)

ಅವ್ವ ಬೇಗ ಗುಣವಾಗಲಿ. ಊರ ಹೆಸರಿನ ಗೊಂದಲ ನನಗೂ ಆಗಿತ್ತು. ನನ್ನ ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ‘ಹುಬ್ಳಿ’ ಎಂದಿದೆ, 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾದ ಮೇಲೆ ತೆಗೆಸಿದ ಜನನ ಪ್ರಮಾಣಪತ್ರದಲ್ಲಿ ‘ಹುಬ್ಬಳ್ಳಿ’ ಎಂದಿದೆ. ಇಲ್ಲಿನ ಮದುವೆ ನೋಂದಣಿಯವರು ಇವು ಎರಡು ಊರುಗಳೇ ಎಂದು ಕೇಳಿದರು. ಸರ್ಕಾರದ ಅಧಿಸೂಚನೆಯ ಪ್ರತಿಯನ್ನು ಅನುವಾದ ಮಾಡಿಸಿ ಕೊಟ್ಟ ಮೇಲೆ ಒಪ್ಪಿದರು. ಅದನ್ನು ಈಗಲೂ ಕಡತದಲ್ಲಿ ಇಟ್ಟುಕೊಂಡಿದ್ದೇನೆ.

ಇಲ್ಲಿರುವ ನಮ್ಮವರಿಗೆ ಒಂದು ಸೂಚನೆ. ಜರ್ಮನಿ 2024ರ ಜೂನ್ 27ರಿಂದ ಎರಡು ಪೌರತ್ವಕ್ಕೆ ಅವಕಾಶ ಕೊಟ್ಟಿದೆ. ಆದರೆ ನಮ್ಮ ಕಾನೂನು ಬದಲಾಗಿಲ್ಲ. ಬೇರೆ ದೇಶದ ಪೌರತ್ವ ಸ್ವೀಕರಿಸಿದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ, ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು, ಆಮೇಲೆ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡಿಗೆ ಅರ್ಜಿ ಹಾಕಬೇಕು. ‘ಎರಡೂ ಇಟ್ಟುಕೊಂಡರೆ ಯಾರು ಕೇಳುತ್ತಾರೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಹಾನಗಲ್ಲಿನ ಹುಡುಗ (ಬುಧವಾರ, ರಾತ್ರಿ 8.25)

ಎಲ್ಲ ಓದುತ್ತಿದ್ದೇನೆ, ಹಿರಿಯರೇ. ನಾನು ಕತಾರ್‌ಗೆ ಹೋಗಬೇಕೆಂದಿದ್ದೇನೆ. ಏಜೆಂಟರೊಬ್ಬರು ‘ವೀಸಾಕ್ಕೆ ಬೇಕು’ ಎಂದು ಎರಡು ತಿಂಗಳ ಹಿಂದೆ ಪಾಸ್‌ಪೋರ್ಟ್ ತೆಗೆದುಕೊಂಡು ಹೋದರು. ಈಗ ಕೇಳಿದರೆ ಇನ್ನೂ ಮೂವತ್ತು ಸಾವಿರ ಕೊಟ್ಟರೆ ಕೊಡುತ್ತೇನೆ ಎನ್ನುತ್ತಾರೆ.

ಬ್ಯಾಡಗಿ ವ್ಯಾಪಾರಿ (ಬುಧವಾರ, ರಾತ್ರಿ 8.40)

ತಮ್ಮಾ, ಒಂದು ರೂಪಾಯಿಯನ್ನೂ ಕೊಡಬೇಡ. ಊರಲ್ಲೇ ಪಾಸ್‌ಪೋರ್ಟ್ ಬಿಡದವನು ಅಲ್ಲಿಗೆ ಕಳಿಸಿದ ಮೇಲೆ ನಿನ್ನನ್ನು ಬಿಡುತ್ತಾನೆಯೇ? ನಾಳೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಠಾಣೆಗೆ ಹೋಗು.

ಕೋರ್ಟ್ ಸರ್ಕಲ್ ವಕೀಲ (ಬುಧವಾರ, ರಾತ್ರಿ 9.05)

ಜೊತೆಗೆ, ವಿದೇಶಕ್ಕೆ ಕೆಲಸಗಾರರನ್ನು ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಆ ಪಟ್ಟಿ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಕಾಣುತ್ತದೆ. ಅವರ ಹೆಸರು ಅದರಲ್ಲಿ ಇದೆಯೇ ನೋಡು. ನೀನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೀಯಾ? ಆಗಿದ್ದರೆ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ವಲಸೆ ಅನುಮತಿ ಬೇಕು ಎಂಬ ಮುದ್ರೆ ಇರಬಾರದು. ಆಗಿಲ್ಲದಿದ್ದರೆ ಕತಾರ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಆ ಅನುಮತಿಯಿಲ್ಲದೆ ಭೇಟಿ ವೀಸಾದಲ್ಲಿ ಕಳಿಸುತ್ತೇನೆ ಎಂದರೆ ಒಪ್ಪಬೇಡ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಇಲ್ಲಿ ಬರೆ, ನಾನು ನೋಡುತ್ತೇನೆ. ಶುಲ್ಕದ ಮಾತು ಬೇಡ.

ವಿದ್ಯಾನಗರದ ಅಕ್ಕ (ಗುರುವಾರ, ರಾತ್ರಿ 10.10)

ಇಂದು ಮಧ್ಯಾಹ್ನ ಅವ್ವನಿಗೆ ಶಸ್ತ್ರಚಿಕಿತ್ಸೆ ಆಯಿತು. ಎಚ್ಚರವಾಗಿದ್ದಾಳೆ, ಎರಡು ಚಮಚೆ ಗಂಜಿ ಕುಡಿದಳು.

ವೈದ್ಯರನ್ನು ನಿನ್ನೆ ನೇರವಾಗಿ ಕೇಳಿದೆ. ಜೀವಕ್ಕೆ ಅಪಾಯವಿಲ್ಲ, ನಡೆಯಲು ಮಾತ್ರ ಸಮಯ ಬೇಕು ಎಂದರು. ಪಿಆರ್‌ಒ ಉತ್ತರವೂ ಬಂತು. ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಹೋದರೆ ಮರಳಿ ಕರೆಸಿಕೊಳ್ಳುವ ಹೊಣೆ ಕಂಪನಿಯದಲ್ಲ ಎಂದು ಬರೆದಿದ್ದಾರೆ. ತಮ್ಮ ಆದರೂ ಬರುತ್ತೇನೆ ಎಂದು ಹಟ ಹಿಡಿದ. ಕಡೆಗೆ ಅವ್ವನೇ ವಿಡಿಯೊ ಕರೆಯಲ್ಲಿ ಮಾತಾಡಿದಳು. ‘ನನ್ನ ಕಾಲು ಕೂಡುತ್ತದೆ. ನೀನು ಕೆಲಸ ಕಳೆದುಕೊಂಡು ಬಂದು ನನ್ನ ಎದುರು ಕೂತರೆ ನನಗೆ ಅನ್ನ ಇಳಿಯುವುದಿಲ್ಲ. ಕಾಗದ ಸರಿ ಮಾಡಿಸಿಕೊಂಡು ಬಾ’ ಎಂದಳು. ಬ್ಯಾಡಗಿ ಅಣ್ಣನವರೇ, ನಿಮ್ಮ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ನಿಮ್ಮ ಅಪ್ಪನ ಸುದ್ದಿ ಓದಿದ ಮೇಲೆಯೇ ವೈದ್ಯರನ್ನು ಅಷ್ಟು ಬಿಡಿಸಿ ಕೇಳಿದ್ದು.

ತಮ್ಮ ನಿನ್ನೆ ಠಾಣೆಗೆ ಹೋಗಿ ದೂರಿನ ಪತ್ರ ಪಡೆದಿದ್ದಾನೆ. ಶಾರ್ಜಾದ ಗದಗಿನ ಅಣ್ಣ ಜೊತೆಗೆ ಹೋಗಿದ್ದರು. ಇಂದು ಅರ್ಜಿ, ಅನುಬಂಧ ಎಫ್, ಟ್ರಂಕಿನ ಆ ಝೆರಾಕ್ಸಿನ ಪ್ರತಿ ಎಲ್ಲವನ್ನೂ ಕೊಟ್ಟಾಯಿತು. ಹೆಸರು, ಹುಟ್ಟಿದ ಸ್ಥಳ ಹಳೆಯ ಪಾಸ್‌ಪೋರ್ಟಿನಂತೆಯೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿಯನ್ನೂ ಸೇರಿಸಿದ್ದಾನೆ.

ಸಪ್ತಾಪುರದ ಮಾಸ್ತರ (ಗುರುವಾರ, ರಾತ್ರಿ 10.30)

ಅವ್ವನ ಸುದ್ದಿ ಕೇಳಿ ಮನಸ್ಸು ಹಗುರವಾಯಿತು. ಹಳ್ಳಿಯ ಮನೆಯಲ್ಲಿ ಯಾರಿದ್ದಾರೆ?

ವಿದ್ಯಾನಗರದ ಅಕ್ಕ (ಗುರುವಾರ, ರಾತ್ರಿ 10.40)

ಕಾಕಾನನ್ನು ಇರಿಸಿದ್ದೇನೆ, ಗುರುಗಳೇ. ನೀವು ಬರೆದದ್ದನ್ನು ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಎದುರು ಮನೆಯವರಿಗೂ ಹೇಳಿದ್ದೇನೆ.

ವಿದ್ಯಾನಗರದ ಅಕ್ಕ (ಐದು ವಾರಗಳ ನಂತರ, ಭಾನುವಾರ ಬೆಳಗ್ಗೆ 8.15)

ತಮ್ಮ ಬಂದ. ಬೆಂಗಳೂರಿಗೆ ಇಳಿದು ರಾಣಿ ಚನ್ನಮ್ಮ ರೈಲು ಹಿಡಿದು ಇವತ್ತು ನಸುಕಿನಲ್ಲಿ ಹುಬ್ಬಳ್ಳಿಗೆ ಬಂದ. ಅವ್ವ ನಮ್ಮ ಮನೆಯಲ್ಲೇ ಇದ್ದಾಳೆ. ವಾಕರ್ ಹಿಡಿದು ಬಾಗಿಲವರೆಗೆ ತಾನೇ ನಡೆದು ಹೋಗಿ ನಿಂತಿದ್ದಳು.

ಪೇದೆ ಹಳ್ಳಿಗೆ ಬಂದದ್ದು ಅರ್ಜಿ ಕೊಟ್ಟ ಹನ್ನೊಂದನೆಯ ದಿನ. ಕಾಕಾ ಗೋಡೆಯ ಹಾಳೆಯನ್ನೇ ತೋರಿಸಿ ಓದಿ ಹೇಳಿದನಂತೆ. ಕಾಗದ ನೋಡಿ, ನೆರೆಯವರ ಸಹಿ ಪಡೆದು ಹೋದರು. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಹೊಸ ಸಂಖ್ಯೆಯನ್ನು ವೀಸಾ ಕಡತಕ್ಕೆ ಸೇರಿಸಲು ಕಂಪನಿ ಇನ್ನೂ ಕೆಲವು ದಿನ ತೆಗೆದುಕೊಂಡಿತು. ಅದು ಮುಗಿದ ಮೇಲೆಯೇ ತಮ್ಮ ಟಿಕೆಟ್ ತೆಗೆದ.

ಹಾನಗಲ್ಲಿನ ತಮ್ಮಾ, ನಿನ್ನ ಪಾಸ್‌ಪೋರ್ಟ್ ಸಿಕ್ಕಿತೇ? ನೀನು ಆಮೇಲೆ ಬರೆಯಲೇ ಇಲ್ಲ.

ಹಾನಗಲ್ಲಿನ ಹುಡುಗ (ಭಾನುವಾರ, ಬೆಳಗ್ಗೆ 9.50)

ಸಿಕ್ಕಿತು ಅಕ್ಕಾ. ವಕೀಲರು ಠಾಣೆಗೆ ಒಂದು ಫೋನ್ ಮಾಡಿದರು, ಮೂರನೆಯ ದಿನ ಏಜೆಂಟ್ ತಾನೇ ತಂದುಕೊಟ್ಟ. ಇ-ಮೈಗ್ರೇಟ್ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಮೊದಲ ಪುಟ, ಕೊನೆಯ ಪುಟ ಎರಡನ್ನೂ ಝೆರಾಕ್ಸ್ ಮಾಡಿಸಿ ನಮ್ಮ ಅವ್ವನ ಕೈಗೆ ಕೊಟ್ಟಿದ್ದೇನೆ.